ನೆರಳನ್ನು ನಿಲ್ಲಿಸುವ ವಿದ್ಯೆ: ಕ್ಯಾಮೆರಾ ಇಲ್ಲದ ಛಾಯಾಚಿತ್ರಣದ ಎರಡು ಶತಮಾನಗಳು

೧

ಕನ್ನಡದಲ್ಲಿ ‘ಛಾಯಾಚಿತ್ರ’ವೆಂಬ ಮಾತು ನೆಲೆನಿಂತಿದೆ. ಛಾಯೆಯೆಂಬುದಕ್ಕೆ ಪ್ರತಿಬಿಂಬ, ಕಾಂತಿ ಎಂಬ ಅರ್ಥಗಳೂ ಉಂಟಾದರೂ ಅದರ ಮೊದಲ ಅರ್ಥ ನೆರಳು. ಯುರೋಪಿನ ಭಾಷೆಗಳು ಇದೇ ವಸ್ತುವನ್ನು ‘ಬೆಳಕಿನ ಬರಹ’ ಎಂಬ ಅರ್ಥ ಕೊಡುವ ಗ್ರೀಕ್ ಧಾತುಗಳಿಂದ ಹೆಸರಿಸಿದುವು. ‘ಫೋಟೋಗ್ರಫಿ’ ಎಂಬ ಆ ಪದವನ್ನು ೧೮೩೯ರಲ್ಲಿ ವಿದ್ವಾಂಸರ ಬಳಕೆಗೆ ತಂದವನು ಸರ್ ಜಾನ್ ಹರ್ಷೆಲ್. ಆದರೆ ಅದೇ ವರ್ಷ ತನ್ನ ಶೋಧವನ್ನು ಲೋಕಕ್ಕೆ ತಿಳಿಸಿದ ವಿಲಿಯಮ್ ಹೆನ್ರಿ ಫಾಕ್ಸ್ ಟಾಲ್ಬಟ್ ಅದನ್ನು ನೆರಳನ್ನು ಸ್ಥಿರಗೊಳಿಸುವ ವಿದ್ಯೆಯೆಂದು ವರ್ಣಿಸಿದ್ದನು. ಆ ವರ್ಣನೆಗೆ ಯುರೋಪಿನವರು ಮುಂದೆ ಇಟ್ಟುಕೊಂಡ ಹೆಸರಿಗಿಂತ ಕನ್ನಡದ ಮಾತೇ ಹತ್ತಿರವಾಗಿದೆ.

ನೆರಳೂ ಸ್ಥಿರತೆಯೂ ಪರಸ್ಪರ ವಿರೋಧವುಳ್ಳವು. ನೆರಳು ನಿಲ್ಲುವ ವಸ್ತುವಲ್ಲ. ಸೂರ್ಯನು ಚಲಿಸಿದಂತೆ ಅದೂ ಚಲಿಸುತ್ತದೆ. ಹಾಗೆ ಚಲಿಸುವುದನ್ನು ಒಂದು ಕ್ಷಣದಲ್ಲಿ ತಡೆದು ಕಾಗದದ ಮೇಲೆ ಉಳಿಸುವುದು ಛಾಯಾಗ್ರಹಣದ ಆದಿಪುರುಷರಿಗಿದ್ದ ಸಮಸ್ಯೆ. ಇಂದಿನ ಕಲಾವಿದರಲ್ಲಿ ಒಂದು ವರ್ಗ ಈ ಸಮಸ್ಯೆಯನ್ನು ಹಿಂದುಮುಂದಾಗಿಸಿದೆ. ಇವರು ಪ್ರಕೃತಿಯ ಚಿತ್ರವನ್ನು ತೆಗೆಯುವುದಿಲ್ಲ. ಹೊಳೆ, ಅಲೆ, ಬಿಸಿಲು, ಹಿಮ ಇವುಗಳ ಕೈಗೆ ಕಾಗದವನ್ನೊಪ್ಪಿಸಿ, ಕಾಗದವೇ ಮಾರ್ಪಡಲು ಬಿಡುತ್ತಾರೆ. ಕೆಲವರು ಆ ಮಾರ್ಪಾಟನ್ನು ಪೂರ್ತಿಯಾಗಿ ನಿಲ್ಲಿಸುವುದೂ ಇಲ್ಲ. ಇದನ್ನು ಕೇವಲ ಹೊಸತನದ ಹಂಬಲವೆಂದು ತಳ್ಳಿಹಾಕುವವರೂ ಉಂಟು, ಪ್ರಕೃತಿಯೇ ತನ್ನ ಕೈಯಾರೆ ಬರೆದ ಚಿತ್ರವೆಂದು ಕೊಂಡಾಡುವವರೂ ಉಂಟು. ಚರಿತ್ರೆಯ ಬೆಳಕಿನಲ್ಲಿ ನೋಡಿದರೆ ಎರಡು ಮಾತೂ ಪೂರ್ಣ ಸತ್ಯವಲ್ಲ. ಈ ಮಾರ್ಗ ಛಾಯಾಗ್ರಹಣದಷ್ಟೇ ಹಳೆಯದು. ಮತ್ತು ಪ್ರಕೃತಿಯ ಹಸ್ತಾಕ್ಷರವನ್ನು ಓದುವುದಕ್ಕೆ ಮನುಷ್ಯನ ಒಕ್ಕಣೆ ಮೊದಲಿನಿಂದಲೂ ಬೇಕಾಗಿದೆ.

೨

ಬೆಳ್ಳಿಯ ಲವಣಗಳು ಕಪ್ಪಾಗುವುದು ಬೆಳಕಿನಿಂದಲೇ ಹೊರತು ಶಾಖದಿಂದಲ್ಲವೆಂಬುದನ್ನು ಹದಿನೆಂಟನೆಯ ಶತಮಾನದ ಪೂರ್ವಾರ್ಧದಲ್ಲಿ ಜರ್ಮನಿಯ ಯೋಹಾನ್ ಹೈನ್ರಿಶ್ ಶುಲ್ಟ್ಸ್ ತೋರಿಸಿಕೊಟ್ಟಿದ್ದನು. ಆ ಗುಣವನ್ನು ಚಿತ್ರಕ್ಕೆ ಬಳಸಲು ಹೊರಟವನು ಇಂಗ್ಲೆಂಡಿನ ಪ್ರಸಿದ್ಧ ಕುಂಬಾರಿಕೆಯ ಮನೆತನಕ್ಕೆ ಸೇರಿದ ಥಾಮಸ್ ವೆಜ್‌ವುಡ್. ಸಿಲ್ವರ್ ನೈಟ್ರೇಟಿನ ದ್ರಾವಣ ಸವರಿದ ಕಾಗದದ ಮೇಲೂ ಬಿಳಿಯ ತೊಗಲಿನ ಮೇಲೂ ಎಲೆಗಳನ್ನು, ಕೀಟಗಳ ರೆಕ್ಕೆಗಳನ್ನು ಇರಿಸಿ ಆತನು ಬಿಸಿಲಿಗೊಡ್ಡಿದನು. ಬಿಸಿಲು ತಾಗಿದ ಕಡೆ ಕಪ್ಪು, ನೆರಳು ಬಿದ್ದ ಕಡೆ ಬಿಳುಪು. ಎಲೆಯ ನರಗಳ ಜಾಲವೂ ಮೂಡಿತು. ಈ ಪ್ರಯೋಗಗಳ ವಿವರವನ್ನು ೧೮೦೨ರಲ್ಲಿ ಆತನ ಮಿತ್ರ ಹಂಫ್ರಿ ಡೇವಿ ಪ್ರಕಟಿಸಿದನು.

ಆದರೆ ಆ ಚಿತ್ರಗಳನ್ನು ಹಗಲಿನಲ್ಲಿ ನೋಡುವಂತಿರಲಿಲ್ಲ. ನೋಡುವ ಬೆಳಕೇ ಉಳಿದ ಬಿಳುಪನ್ನೂ ಕಪ್ಪಾಗಿಸಿಬಿಡುತ್ತಿತ್ತು. ಕತ್ತಲೆಯಲ್ಲಿಟ್ಟುಕೊಂಡು, ಮೋಂಬತ್ತಿಯ ಮಂದ ಬೆಳಕಿನಲ್ಲಿ ಒಂದಿಷ್ಟು ಹೊತ್ತು ನೋಡಬಹುದಾಗಿತ್ತು, ಅಷ್ಟೆ. ಚಿತ್ರವನ್ನು ಪಡೆಯುವ ಉಪಾಯ ಸಿಕ್ಕಿತ್ತು. ಅದನ್ನು ನಿಲ್ಲಿಸುವ ಉಪಾಯ ಸಿಕ್ಕಿರಲಿಲ್ಲ.

ಆ ಉಪಾಯಕ್ಕೆ ಮೂರು ದಶಕಗಳೇ ಹಿಡಿದುವು. ೧೮೩೩ರಲ್ಲಿ ಇಟಲಿಯ ಕೋಮೊ ಸರೋವರದ ದಡದಲ್ಲಿ ಚಿತ್ರ ಬರೆಯಲು ಹೆಣಗಿ ಸೋತ ಟಾಲ್ಬಟ್, ಮರುವರ್ಷ ಲೇಕಾಕ್ ಅಬಿಯ ತನ್ನ ಮನೆಯಲ್ಲಿ ವೆಜ್‌ವುಡ್ಡನ ದಾರಿಯನ್ನೇ ಹಿಡಿದನು. ಎಲೆ, ಹೂ, ಕಸೂತಿಯ ಬಟ್ಟೆ ಇವೇ ಆತನ ಮೊದಲ ವಸ್ತುಗಳು. ಚಿತ್ರ ಮೂಡಿದ ಕಾಗದವನ್ನು ಗಾಢವಾದ ಉಪ್ಪುನೀರಿನಲ್ಲಿ ಅದ್ದಿದರೆ ಅದು ಬೆಳಕಿಗೆ ಮೊದಲಿನಷ್ಟು ಬೇಗ ಸೋಲುವುದಿಲ್ಲವೆಂದು ಆತನು ಕಂಡುಕೊಂಡನು. ಪೂರ್ಣವಾದ ಪರಿಹಾರ ಬಂದದ್ದು ಹರ್ಷೆಲ್‌ನಿಂದ. ಇಂದು ‘ಹೈಪೊ’ ಎಂದು ಎಲ್ಲ ಸ್ಟುಡಿಯೋಗಳೂ ಬಲ್ಲ ಲವಣ ಬೆಳ್ಳಿಯ ಲವಣಗಳನ್ನು ಕರಗಿಸುವುದೆಂದು ಆತನು ೧೮೧೯ರಲ್ಲೇ ಅರಿತಿದ್ದನು. ಇಪ್ಪತ್ತು ವರ್ಷಗಳ ಮೇಲೆ ಅದನ್ನು ಛಾಯಾಚಿತ್ರಕ್ಕೆ ಅನ್ವಯಿಸಿದನು. ಬೆಳಕು ತಾಗದೆ ಉಳಿದ ಲವಣವನ್ನು ಹೈಪೊ ಕರಗಿಸಿ ತೊಳೆದುಬಿಡುತ್ತದೆ. ಮತ್ತೆ ಕಪ್ಪಾಗಲು ಕಾಗದದಲ್ಲಿ ಏನೂ ಉಳಿಯುವುದಿಲ್ಲ. ಛಾಯಾಗ್ರಹಣವು ವಿದ್ಯೆಯಾಗಿ ನಿಂತದ್ದು ಈ ತೊಳೆಯುವಿಕೆಯಿಂದ.

೩

ಹರ್ಷೆಲ್‌ನ ಇನ್ನೊಂದು ಶೋಧ ಈ ಚರಿತ್ರೆಗೆ ಇನ್ನೂ ಹತ್ತಿರದ್ದು. ೧೮೪೨ರಲ್ಲಿ ಆತನು ಬೆಳ್ಳಿಯನ್ನು ಬಿಟ್ಟು ಕಬ್ಬಿಣದ ಲವಣಗಳಿಂದ ಚಿತ್ರ ಪಡೆಯುವ ಕ್ರಮವೊಂದನ್ನು ಪ್ರಕಟಿಸಿದನು. ಫೆರಿಕ್ ಅಮೋನಿಯಂ ಸಿಟ್ರೇಟ್ ಮತ್ತು ಪೊಟ್ಯಾಸಿಯಂ ಫೆರಿಸಯನೈಡ್ ಎಂಬೆರಡು ಲವಣಗಳ ದ್ರಾವಣವನ್ನು ಕಾಗದಕ್ಕೆ ಸವರಿ ಕತ್ತಲೆಯಲ್ಲಿ ಒಣಗಿಸುವುದು. ಬಿಸಿಲಿನಲ್ಲಿಟ್ಟಾಗ ಕಬ್ಬಿಣವು ರೂಪಾಂತರ ಹೊಂದಿ, ನೀರಿನಲ್ಲಿ ಕರಗದ ಪ್ರಷ್ಯನ್ ನೀಲಿಯೆಂಬ ವರ್ಣದ್ರವ್ಯ ಕಾಗದದ ಎಳೆಗಳಲ್ಲೇ ಹುಟ್ಟುತ್ತದೆ. ನೆರಳಿದ್ದ ಕಡೆಯ ಲವಣ ಬರಿಯ ನೀರಿನಲ್ಲಿ ತೊಳೆದುಹೋಗಿ ಬಿಳುಪು ಉಳಿಯುತ್ತದೆ. ಇದೇ ಸಯನೋಟೈಪ್, ಎಂದರೆ ನೀಲಮುದ್ರಣ. ಆ ಶತಮಾನದ ಉತ್ತರಾರ್ಧದಲ್ಲಿ ಎಂಜಿನಿಯರುಗಳು ಕಟ್ಟಡಗಳ, ಯಂತ್ರಗಳ ನಕಾಶೆಗಳ ಪ್ರತಿ ತೆಗೆಯಲು ಇದನ್ನೇ ಬಳಸತೊಡಗಿದರು. ಇಂದು ಯಾವ ಯೋಜನೆಯನ್ನಾದರೂ ‘ನೀಲನಕ್ಷೆ’ಯೆಂದು ಕರೆಯುವ ಕನ್ನಡ ಪತ್ರಿಕೆಗಳು, ಅರಿತೋ ಅರಿಯದೆಯೋ ಹರ್ಷೆಲ್‌ನ ಕಾಗದವನ್ನೇ ನೆನೆಯುತ್ತಿವೆ.

ಎಂಜಿನಿಯರುಗಳಿಗಿಂತ ಮೊದಲೇ ಇದರ ಬೆಲೆಯನ್ನು ಅರಿತವಳು ಆನ ಅಟ್ಕಿನ್ಸ್ (೧೭೯೯–೧೮೭೧). ಆಕೆಯ ತಂದೆ ಜಾನ್ ಜಾರ್ಜ್ ಚಿಲ್ಡ್ರನ್ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದ್ದ ವಿಜ್ಞಾನಿ. ಹರ್ಷೆಲ್‌ನಿಗೂ ಟಾಲ್ಬಟ್ಟನಿಗೂ ಪರಿಚಿತನು. ತಂದೆಯು ಲಮಾರ್ಕನ ಶಂಖಶಾಸ್ತ್ರವನ್ನು ಅನುವಾದಿಸಿದಾಗ ಅದಕ್ಕೆ ಇನ್ನೂರೈವತ್ತಕ್ಕೂ ಮಿಕ್ಕ ಚಿತ್ರಗಳನ್ನು ಕೈಯಿಂದ ಬರೆದುಕೊಟ್ಟ ಅಭ್ಯಾಸ ಆಕೆಗಿತ್ತು. ೧೮೪೧ರಲ್ಲಿ ವಿಲಿಯಮ್ ಹಾರ್ವೆ ಬ್ರಿಟಿಷ್ ಕಡಲಪಾಚಿಗಳ ಕೈಪಿಡಿಯೊಂದನ್ನು ಪ್ರಕಟಿಸಿದನು; ಅದರಲ್ಲಿ ಚಿತ್ರಗಳಿರಲಿಲ್ಲ. ಕೂದಲೆಳೆಯಷ್ಟು ನವಿರಾದ ಕವಲುಗಳುಳ್ಳ ಪಾಚಿಗಳನ್ನು ಲೇಖನಿಯಿಂದ ಬಿಡಿಸುವುದು ಅತಿ ಕಷ್ಟದ ಕೆಲಸ. ಆನ ಅಟ್ಕಿನ್ಸ್ ಒಣಗಿಸಿದ ಪಾಚಿಯನ್ನೇ ಕಾಗದದ ಮೇಲೆ ಹರಡಿ, ಮೇಲೆ ಗಾಜು ಹೊದಿಸಿ, ಬಿಸಿಲಿಗೊಡ್ಡಿ, ನೀರಿನಲ್ಲಿ ತೊಳೆದಳು. ಕಡುನೀಲಿಯ ನಡುವೆ ಪಾಚಿಯ ಬಿಳಿಯ ಆಕಾರ, ಇದ್ದಷ್ಟೇ ಅಳತೆಯಲ್ಲಿ, ಎದ್ದು ಬಂದಿತು.

ಆಕೆಯ ಗ್ರಂಥದ ಮೊದಲ ಭಾಗ ೧೮೪೩ರಲ್ಲಿ ಹೊರಬಿದ್ದಿತು, ಕೊನೆಯದು ೧೮೫೩ರಲ್ಲಿ. ಛಾಯಾಚಿತ್ರಗಳಿಂದ ಕೂಡಿದ ಮೊತ್ತಮೊದಲ ಪುಸ್ತಕವೆಂಬ ಹೆಸರು ಇದಕ್ಕೆ ಸಂದಿದೆ. ಟಾಲ್ಬಟ್ಟನ ಪ್ರಸಿದ್ಧ ಸಂಪುಟ ಬರತೊಡಗಿದ್ದು ೧೮೪೪ರಲ್ಲಿ. ಮೂರು ಸಂಪುಟಗಳು, ಸುಮಾರು ೪೦೦ ಫಲಕಗಳು. ಅಚ್ಚಿನ ಮೊಳೆಯಿಲ್ಲ, ಯಂತ್ರವಿಲ್ಲ. ಪ್ರತಿಯೊಂದು ಪ್ರತಿಯ ಪ್ರತಿಯೊಂದು ಹಾಳೆಯನ್ನೂ ಬಿಸಿಲಿನಲ್ಲಿ ಬೇರೆಬೇರೆಯಾಗಿ ಮುದ್ರಿಸಬೇಕು. ಮೋಡ ಕವಿದ ಇಂಗ್ಲೆಂಡಿನ ಆಕಾಶದ ಕೆಳಗೆ ಹತ್ತು ವರ್ಷ ನಡೆದ ಕೆಲಸವಿದು. ಆಕೆ ತನ್ನ ಹೆಸರನ್ನು ‘ಎ. ಎ.’ ಎಂಬ ಎರಡಕ್ಷರಗಳಲ್ಲಿ ಅಡಗಿಸಿಟ್ಟಳು. ಆ ಶತಮಾನದ ಕೊನೆಯ ವೇಳೆಗೆ ಓದುಗರು ಅದನ್ನು ‘ಅನಾಮಧೇಯ ಹವ್ಯಾಸಿ’ ಎಂಬ ಇಂಗ್ಲಿಷ್ ಮಾತುಗಳ ಸಂಕ್ಷೇಪವೆಂದು ಊಹಿಸುವಷ್ಟು ಆಕೆ ಮರೆಯಾಗಿದ್ದಳು.

ತನ್ನ ಹೆಸರನ್ನು ಮರೆಸಿದವಳು ಪಾಚಿಯ ಹೆಸರನ್ನು ಮರೆಸಲಿಲ್ಲವೆಂಬುದು ಇಲ್ಲಿ ಮುಖ್ಯ. ಪ್ರತಿ ಫಲಕದ ಕೆಳಗೂ ಆ ಸಸ್ಯದ ಲ್ಯಾಟಿನ್ ಹೆಸರಿದೆ. ಕೈಯಲ್ಲಿ ಬರೆದ ಆ ಅಕ್ಷರಗಳೂ ಅದೇ ನೀಲಿಯಲ್ಲಿ ಬಿಸಿಲಿನಿಂದಲೇ ಮುದ್ರಿತವಾದವು. ಪಾಚಿ ತನ್ನ ನೆರಳನ್ನು ತಾನೇ ಕೊಟ್ಟಿತು. ಆದರೆ ಇಂಥ ಪಾಚಿಯ ನೆರಳು ಇದು ಎಂಬ ಮಾತನ್ನು ಅಟ್ಕಿನ್ಸ್ ಕೊಟ್ಟಳು. ಎರಡೂ ಕೂಡಿದಾಗ ಮಾತ್ರ ಅದು ವಿಜ್ಞಾನವಾಯಿತು.

೪

ಈ ಎರಡನೆಯ ಮಾತು ತಪ್ಪಿದರೆ ಏನಾಗುವುದೆಂಬುದಕ್ಕೆ ಅರ್ಧಶತಮಾನದ ಮೇಲೆ ಒಂದು ಉದಾಹರಣೆ ದೊರೆಯುತ್ತದೆ. ಸ್ವೀಡನ್ನಿನ ನಾಟಕಕಾರ ಆಗಸ್ಟ್ ಸ್ಟ್ರಿಂಡ್‌ಬರ್ಗ್ ೧೮೯೩–೯೪ರ ಅವಧಿಯಲ್ಲಿ ಆಸ್ಟ್ರಿಯದ ಡಾರ್ನಾಕ್ ಎಂಬಲ್ಲಿ ತಂಗಿದ್ದನು. ಮಸೂರವು ಕಣ್ಣಿನಂತೆಯೇ ವಂಚಿಸುತ್ತದೆಂದು ಆತನ ನಂಬಿಕೆ. ಆದುದರಿಂದ ಕ್ಯಾಮೆರಾವನ್ನೂ ಮಸೂರವನ್ನೂ ತೊರೆದು, ಛಾಯಾಗ್ರಹಣದ ಗಾಜಿನ ಫಲಕಗಳನ್ನು ನೇರವಾಗಿ ರಾತ್ರಿಯ ಆಕಾಶಕ್ಕೆ ಮುಖಮಾಡಿ ಇರಿಸಿದನು. ತೊಳೆದಾಗ ಕಂದು, ನೀಲಿ ಬಣ್ಣಗಳ ಹಿನ್ನೆಲೆಯಲ್ಲಿ ಅಸಂಖ್ಯಾತ ಚುಕ್ಕೆಗಳು ಕಂಡವು. ನಕ್ಷತ್ರಗಳೇ ತಮ್ಮ ಗುರುತನ್ನು ಬಿಟ್ಟುವೆಂದು ಆತನು ತಿಳಿದನು. ಪ್ಯಾರಿಸಿನ ಖಗೋಳಜ್ಞ ಕಮೀಯ್ ಫ್ಲಾಮರಿಯೋನನಿಗೂ ಅವನ್ನು ಕಳುಹಿಸಿದನು.

ಅವು ನಕ್ಷತ್ರಗಳಾಗಿರಲು ಸಾಧ್ಯವಿಲ್ಲ. ಪಾಚಿಯು ಕಾಗದಕ್ಕೆ ತಾಗಿಕೊಂಡಿರುವುದರಿಂದ ಅದರ ನೆರಳು ಖಚಿತವಾಗಿ ಬೀಳುತ್ತದೆ. ಆಕಾಶದ ಮಾತು ಬೇರೆ. ಮಸೂರವಿಲ್ಲದ ಫಲಕದ ಪ್ರತಿಯೊಂದು ಬಿಂದುವಿನ ಮೇಲೂ ಎಲ್ಲ ನಕ್ಷತ್ರಗಳ ಬೆಳಕೂ ಒಟ್ಟಾಗಿ ಬೀಳುವುದರಿಂದ ಒಂದು ನಕ್ಷತ್ರವೂ ಬೇರೆಯಾಗಿ ಮೂಡಲಾರದು. ಧೂಳು, ರಾಸಾಯನಿಕ ದ್ರವ್ಯಗಳ ಕಲ್ಮಷ, ತೇವ ಇವು ಫಲಕದ ಮೇಲೆ ನಡೆಸಿದ ಕ್ರಿಯೆಯೇ ಆ ಚುಕ್ಕೆಗಳಾಗಿರಬೇಕೆಂದು ಈಗಿನ ತಿಳಿವಳಿಕೆ. ಹದಿನಾರು ಚಿತ್ರಗಳು ಸ್ಟಾಕ್‌ಹೋಮಿನ ರಾಜಗ್ರಂಥಾಲಯದಲ್ಲಿ ಉಳಿದಿವೆ. ಇಂದಿನ ಪ್ರೇಕ್ಷಕನಿಗೆ ಅವು ಅತ್ಯಂತ ಸುಂದರವಾಗಿ ಕಾಣುತ್ತವೆ. ಪ್ರಕೃತಿಯೇ ಬರೆದುದೆಂಬ ಸ್ಟ್ರಿಂಡ್‌ಬರ್ಗನ ಮಾತು ಒಂದರ್ಥದಲ್ಲಿ ಸುಳ್ಳೂ ಅಲ್ಲ, ಧೂಳೂ ಪ್ರಕೃತಿಯೇ. ಆತನು ತಪ್ಪಿದ್ದು ಬರೆದವರ ಹೆಸರನ್ನು ಹೇಳುವಲ್ಲಿ.

೫

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಕ್ರಿಸ್ಟಿಯನ್ ಶಾಡ್, ಮ್ಯಾನ್ ರೇ, ಮೊಹೊಲಿ-ನಾಗಿ ಇವರು ಕ್ಯಾಮೆರಾರಹಿತ ಚಿತ್ರಣವನ್ನು ಆಧುನಿಕ ಕಲೆಯ ಸಾಧನವಾಗಿಸಿದರು. ಆದರೆ ಇವರ ಆಸಕ್ತಿ ಹೆಚ್ಚಾಗಿ ದೈನಂದಿನ ವಸ್ತುಗಳ ವಿಚಿತ್ರ ಆಕಾರಗಳಲ್ಲಿ, ಬೆಳಕಿನ ಲಯದಲ್ಲಿ ನೆಲೆಸಿತ್ತು. ಪ್ರಕೃತಿ ಅವರಲ್ಲಿ ಹಿಂದೆ ಸರಿಯಿತು. ಬೆಲ್ಜಿಯಮ್ಮಿನ ಪಿಯೇರ್ ಕಾರ್ಡಿಯೇ ೧೯೫೬ರಲ್ಲಿ ಉಗುರಿಗೆ ಹಚ್ಚುವ ಬಣ್ಣದಿಂದ ಛಾಯಾಗ್ರಹಣದ ಕಾಗದದ ಮೇಲೆ ನಾಲ್ಕು ಮಾತು ಬರೆದು, ಅದನ್ನು ದ್ರಾವಣಗಳಲ್ಲಿ ಅದ್ದಿದಾಗ ಇನ್ನೊಂದು ಬಾಗಿಲು ತೆರೆಯಿತು. ವಾರ್ನಿಷ್, ಮೇಣ, ಎಣ್ಣೆ ಮೊದಲಾದುವು ಕಾಗದವನ್ನು ಸ್ವಲ್ಪಹೊತ್ತು ಕಾಪಾಡಿ ಮೆಲ್ಲನೆ ಬಿಟ್ಟುಕೊಡುವಾಗ, ದ್ರಾವಣವು ಒಳನುಗ್ಗಿ ರೇಖೆಗಳನ್ನು ಕೊರೆಯುತ್ತದೆ. ಹೊರಗಿನ ಯಾವ ವಸ್ತುವಿನ ನೆರಳೂ ಇಲ್ಲಿ ಬೇಕಾಗಲಿಲ್ಲ. ಕಾಗದದ ಮಾರ್ಪಾಟೇ ಚಿತ್ರದ ವಿಷಯವಾಯಿತು. ಇದಕ್ಕೆ ಆತನು ‘ಕೆಮಿಗ್ರಾಮ್’ ಎಂದು ಹೆಸರಿಟ್ಟನು.

ಅಟ್ಕಿನ್ಸಳ ಪಾಚಿ ಮತ್ತು ಕಾರ್ಡಿಯೇಯ ಕಾಗದ, ಈ ಎರಡು ಧಾರೆಗಳು ಶತಮಾನದ ಕೊನೆಯಲ್ಲಿ ಕೂಡಿಕೊಂಡುವು. ಲಂಡನ್ನಿನಲ್ಲಿ ೧೯೫೫ರಲ್ಲಿ ಹುಟ್ಟಿ, ಕೆಲವು ವರ್ಷ ಜಪಾನಿನಲ್ಲಿದ್ದು, ಬಳಿಕ ಡೆವನ್ ಪ್ರಾಂತದಲ್ಲಿ ನೆಲೆಸಿದ ಸೂಸನ್ ಡರ್ಜೆಸ್ ೧೯೯೦ರ ದಶಕದ ಉತ್ತರಾರ್ಧದಲ್ಲಿ ಅಲ್ಲಿನ ಟಾ ಎಂಬ ಹೊಳೆಯಲ್ಲಿ ಕೆಲಸ ಮಾಡಿದರು. ಇರುಳಿನಲ್ಲಿ ಆಳೆತ್ತರದ ಛಾಯಾಕಾಗದವನ್ನು ಮುಚ್ಚಿದ ತಟ್ಟೆಯಲ್ಲಿರಿಸಿ ನೀರಿನ ಮೇಲ್ಮೈಯ ಕೆಳಗೆ ಇಳಿಸುವುದು. ಮುಚ್ಚಳ ಸರಿಸಿ, ಮೇಲಿನಿಂದ ಒಂದು ಕ್ಷಣ ಫ್ಲಾಶ್ ಬೆಳಗುವುದು. ಹರಿವ ನೀರಿನ ಪ್ರತಿ ತೆರೆಯೂ ಪುಟ್ಟ ಮಸೂರದಂತೆ ಬೆಳಕನ್ನು ಕೂಡಿಸಿ ಕಾಗದದ ಮೇಲೆ ಗೀಟೆಳೆಯುತ್ತದೆ. ದಡದ ಕೊಂಬೆಗಳ ನೆರಳೂ ಜೊತೆಗೆ ಬೀಳುತ್ತದೆ. ತಿಂಗಳ ಬೆಳಕು ಇದ್ದಷ್ಟು ಇಲ್ಲದಷ್ಟು ಬಣ್ಣದ ಛಾಯೆ ಬದಲಾಗುತ್ತದೆ. ಇರುಳೇ ಇಲ್ಲಿ ಕತ್ತಲೆಕೋಣೆ. ಡೆವನ್ನಿನ ಡಾರ್ಟ್‌ಮೂರಿನಲ್ಲೇ ನೆಲೆಸಿದ ಗ್ಯಾರಿ ಫೇಬಿಯನ್ ಮಿಲ್ಲರ್ ೧೯೮೦ರ ದಶಕದಿಂದ ಎಲೆಗಳನ್ನೇ ನೆಗೆಟಿವ್‌ನಂತೆ ಬಳಸಿ, ಎಲೆಯ ಮೂಲಕ ಹಾಯ್ದ ಬೆಳಕನ್ನು ಕಾಗದಕ್ಕಿಳಿಸಿದರು. ಮುಂದೆ ಎಲೆಯನ್ನೂ ಬಿಟ್ಟು ಬಣ್ಣದ ಗಾಜು, ದ್ರವ ಇವುಗಳ ಮೂಲಕ ಗಂಟೆಗಟ್ಟಲೆ ಬೆಳಕು ಹಾಯಿಸಿದರು. ೨೦೧೦ರ ಅಕ್ಟೋಬರಿನಿಂದ ೨೦೧೧ರ ಫೆಬ್ರವರಿಯವರೆಗೆ ಲಂಡನ್ನಿನ ವಿಕ್ಟೋರಿಯ ಮತ್ತು ಆಲ್ಬರ್ಟ್ ಮ್ಯೂಸಿಯಮ್ ನಡೆಸಿದ ಪ್ರದರ್ಶನದಲ್ಲಿ ಕಾರ್ಡಿಯೇ, ಡರ್ಜೆಸ್, ಮಿಲ್ಲರ್ ಮೂವರ ಕೃತಿಗಳೂ, ಆಡಮ್ ಫಸ್ ಮತ್ತು ಫ್ಲೋರಿಸ್ ನಾಯ್ಸೂಸ್ ಇವರ ಕೃತಿಗಳೂ ಕೂಡಿ ಕಾಣಿಸಿದುವು.

ಅಮೆರಿಕದ ಪಶ್ಚಿಮ ಭಾಗದ ಕಲಾವಿದರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕ್ರಿಸ್ ಮೆಕ್ಕಾ ತಾವೇ ಕಟ್ಟಿದ ದೊಡ್ಡ ಕ್ಯಾಮೆರಾಗಳಲ್ಲಿ ಫಿಲ್ಮಿಗೆ ಬದಲು ಹಳೆಯ ಛಾಯಾಕಾಗದವನ್ನಿರಿಸಿ ಮಸೂರವನ್ನು ಸೂರ್ಯನತ್ತ ತಿರುಗಿಸುತ್ತಾರೆ. ೨೦೦೩ರಲ್ಲಿ ಇರುಳಿಡೀ ನಕ್ಷತ್ರಗಳಿಗೆ ತೆರೆದಿಟ್ಟ ಕ್ಯಾಮೆರಾವನ್ನು ಬೆಳಗಾಗುವ ಮೊದಲು ಮುಚ್ಚದೆ ಹೋದದ್ದೇ ಇದಕ್ಕೆ ಮೂಲ. ಸೂರ್ಯನು ನಡೆದ ದಾರಿಯುದ್ದಕ್ಕೂ ಕಾಗದವು ಸುಟ್ಟು ತೂತಾಗುತ್ತದೆ. ಇಲ್ಲಿ ಕ್ಯಾಮೆರಾ ಉಂಟಾದರೂ ಚಿತ್ರದಲ್ಲಿರುವುದು ಸೂರ್ಯನ ಬಿಂಬವಲ್ಲ, ಸೂರ್ಯನು ಮಾಡಿದ ಗಾಯ. ಮ್ಯಾಥ್ಯೂ ಬ್ರ್ಯಾಂಟ್ ಸರೋವರಗಳ ವರ್ಣಚಿತ್ರಗಳನ್ನು ಸಾಮಾನ್ಯ ಕ್ರಮದಲ್ಲೇ ತೆಗೆದು, ಆ ಸರೋವರದಿಂದಲೇ ತಂದ ನೀರಿನಲ್ಲಿ ದಿನಗಟ್ಟಲೆ, ವಾರಗಟ್ಟಲೆ ನೆನೆಯಿಡುತ್ತಾರೆ. ವರ್ಣಕಾಗದದ ಹಳದಿ, ಕೆನ್ನೇರಳೆ, ನೀಲಿ ಪದರಗಳು ಒಂದೊಂದಾಗಿ ಸಡಿಲಿ ಹರಿಯುತ್ತವೆ. ಇದನ್ನು ಜಲಮಾಲಿನ್ಯದ ಸಾಕ್ಷ್ಯವೆಂದು ಓದುವ ಆಸೆ ಸಹಜವಾದುದು. ಆದರೆ ಕಾಗದದ ಪದರ ಕಿತ್ತುಬಂದುದರಿಂದ ನೀರಿನ ಗುಣ ಇಂಥದೆಂದು ಹೇಳಲಾಗದು. ಹಾಗೆ ಹೇಳಹೊರಟರೆ ಸ್ಟ್ರಿಂಡ್‌ಬರ್ಗನ ನಕ್ಷತ್ರಗಳೇ ಮರಳಿ ಬಂದಾವು.

ಹರ್ಷೆಲ್‌ನ ನೀಲಮುದ್ರಣವನ್ನೇ ಮತ್ತೆ ಕೈಗೆತ್ತಿಕೊಂಡವರು ಮೆಗನ್ ರೀಪನ್‌ಹಾಫ್. ೨೦೧೩ರಲ್ಲಿ ಆರಂಭಿಸಿದ ಚಿತ್ರಮಾಲೆಯಲ್ಲಿ ಅವರು ಲವಣ ಸವರಿದ ಕಾಗದವನ್ನು ಕಡಲದಂಡೆಗೊಯ್ದು ಅಲೆಗಳಿಗೆ ಒಡ್ಡುತ್ತಾರೆ. ಅಲೆ ಬಡಿದ ರಭಸ, ಮರಳಿನ ಕಣ, ಒಣಗಿದ ಉಪ್ಪು ಎಲ್ಲವೂ ನೀಲಿಯೊಡನೆ ಸೇರಿಕೊಳ್ಳುತ್ತವೆ. ಬಳಿಕ ಮಳೆಗೂ ಹೆಪ್ಪುಗಟ್ಟುವ ನೀರಿಗೂ ಕಾಗದವನ್ನು ಒಡ್ಡಿ ಬೇರೆ ಮಾಲೆಗಳನ್ನು ರಚಿಸಿದರು. ಅಟ್ಕಿನ್ಸಳ ಕೈಯಲ್ಲಿ ಚಿತ್ರವನ್ನು ನಿಲ್ಲಿಸುತ್ತಿದ್ದ ನೀರು ಇಲ್ಲಿ ಚಿತ್ರವನ್ನು ಬರೆಯುತ್ತದೆ. ಮೇಲಾಗಿ, ಈ ಕಾಗದಗಳನ್ನು ಪೂರ್ತಿಯಾಗಿ ತೊಳೆಯುವುದಿಲ್ಲ. ಉಳಿದ ಲವಣ ಮುಂದೆಯೂ ಬೆಳಕಿಗೆ ತೇವಕ್ಕೆ ಸ್ಪಂದಿಸುತ್ತಿರುವುದರಿಂದ ಚಿತ್ರ ಗೋಡೆಯ ಮೇಲಿದ್ದಾಗಲೂ ನಿಧಾನವಾಗಿ ಬದಲಾಗುತ್ತದೆ. ವೆಜ್‌ವುಡ್ಡನನ್ನು ಕಾಡಿದ ಕೊರತೆ ಎರಡು ಶತಮಾನಗಳ ಮೇಲೆ ಬೇಕೆಂದು ಆರಿಸಿಕೊಂಡ ಗುಣವಾಯಿತು.

೬

ಚಿತ್ರವು ಹೀಗೆ ಹೋಲಿಕೆಯಿಂದ ದೂರ ಸರಿದಷ್ಟೂ ಅದರ ಕೆಳಗಿನ ಬರಹದ ಭಾರ ಹೆಚ್ಚಿದೆ. ರೀಪನ್‌ಹಾಫರ ಕೃತಿಗಳ ಹೆಸರುಗಳಲ್ಲಿ ಕಡಲತೀರದ ಹೆಸರು, ತಾರೀಖು, ಎಷ್ಟು ಅಲೆ ಬಡಿದವೆಂಬ ಲೆಕ್ಕವೂ ಇರುವುದುಂಟು. ಬ್ರ್ಯಾಂಟರ ಚಿತ್ರಗಳಿಗೆ ಆಯಾ ಸರೋವರದ್ದೇ ಹೆಸರು. ಅವಧಿ ಮೀರಿದ ಹಳೆಯ ಛಾಯಾಕಾಗದಗಳನ್ನು ಸಂಗ್ರಹಿಸಿ, ಯಾವ ಬಿಂಬವನ್ನೂ ಒಡ್ಡದೆ, ಕಾಲವೂ ಬೂಷ್ಟೂ ತೇವವೂ ಅವುಗಳಲ್ಲಿ ಬಿಟ್ಟ ಗುರುತುಗಳನ್ನು ದ್ರಾವಣದಿಂದ ಹೊರತರುವ ಆಲಿಸನ್ ರಾಸಿಟರ್ ತಮ್ಮ ಚಿತ್ರಗಳಿಗೆ ಕೊಡುವ ಹೆಸರೆಂದರೆ ಕಾಗದದ ತಯಾರಕರ ಹೆಸರು, ಅವಧಿ ಮುಗಿದ ವರ್ಷ, ಸಂಸ್ಕರಿಸಿದ ವರ್ಷ, ಇಷ್ಟೇ. ಬರಹವನ್ನು ತೆಗೆದುಬಿಟ್ಟರೆ ಇವು ಅಂದವಾದ ಕಲೆಗಳಾಗಿ ಉಳಿಯುತ್ತವೆ. ಬರಹ ಕೂಡಿದಾಗ ಇಂಥ ದಿನ, ಇಂಥ ಕಡೆ, ಇಂಥ ನೀರು ಈ ಕಾಗದವನ್ನು ಮುಟ್ಟಿತೆಂಬ ಸಾಕ್ಷ್ಯವಾಗುತ್ತವೆ. ಇದು ಆನ ಅಟ್ಕಿನ್ಸಳ ಕ್ರಮವೇ. ಕಲಾವಿದನ ಪಾತ್ರ ಇಲ್ಲಿ ಏನೂ ಇಲ್ಲವೆಂಬ ಆಕ್ಷೇಪಕ್ಕೂ ಇದರಲ್ಲೇ ಉತ್ತರವಿದೆ. ಯಾವ ಕಾಗದ, ಯಾವ ನೀರು, ಎಷ್ಟು ಹೊತ್ತು, ಎಲ್ಲಿ ಕೈಬಿಡುವುದು, ಎಲ್ಲಿ ತಡೆಯುವುದು ಎಂಬ ನಿರ್ಣಯಗಳೆಲ್ಲ ಮನುಷ್ಯನವು. ನಡೆದುದನ್ನು ಇದ್ದಂತೆ ದಾಖಲಿಸುವ ಹೊಣೆಯೂ ಆತನದೇ.

ಮಾರ್ಪಾಟಿನ ನಿಯಮ ಕಲಾವಿದರ ಸಾಮಗ್ರಿಯನ್ನೂ ಬಿಟ್ಟಿಲ್ಲ. ಡರ್ಜೆಸ್, ಮಿಲ್ಲರ್ ಇವರು ನೆಚ್ಚಿದ್ದ ಸಿಬಾಕ್ರೋಮ್ ಕಾಗದ ವಿಶಿಷ್ಟವಾದುದು. ಬಣ್ಣಗಳು ಅದರಲ್ಲಿ ಮೊದಲೇ ತುಂಬಿರುತ್ತವೆ, ಬೇಡವಾದುದನ್ನು ಕಳೆಯುವುದರಿಂದ ಚಿತ್ರ ಮೂಡುತ್ತದೆ. ಡಿಜಿಟಲ್ ಯುಗದಲ್ಲಿ ಬೇಡಿಕೆ ಕುಗ್ಗಿ ೨೦೧೦ರ ದಶಕದ ಆರಂಭದಲ್ಲಿ ಅದರ ತಯಾರಿಕೆ ನಿಂತುಹೋಯಿತು. ಆ ಬಗೆಯ ಚಿತ್ರಗಳು ಇನ್ನು, ಕೂಡಿಟ್ಟ ಕಾಗದ ಇರುವವರೆಗೆ ಮಾತ್ರ. ಹರ್ಷೆಲ್‌ನ ಕ್ರಮಕ್ಕಾದರೆ ಯಾವ ಕಾರ್ಖಾನೆಯೂ ಬೇಡ. ಎರಡು ಲವಣ, ಒಂದು ಹಾಳೆ, ಬಿಸಿಲು, ನೀರು ಇಷ್ಟರಿಂದ ಅದು ಇಂದಿಗೂ ನಡೆಯುತ್ತದೆ. ಅತ್ಯಂತ ಹಳೆಯ ವಿಧಾನವೇ ಈ ಹೊಸ ಕಲೆಗೆ ಹೆಚ್ಚು ಭದ್ರವಾದ ಆಸರೆಯಾಗಿರುವುದು ಆಕಸ್ಮಿಕವಲ್ಲ.

ಇಂಥ ಕೃತಿಗಳಿಂದ ವಸ್ತುಸಂಗ್ರಹಾಲಯಗಳಿಗೆ ಹೊಸ ಧರ್ಮಸಂಕಟ ಒದಗಿದೆ. ಬದಲಾಗುತ್ತಲೇ ಇರುವುದನ್ನು ಕಾಪಾಡುವುದೆಂದರೇನು? ಬದಲಾಗದಂತೆ ತಡೆದರೆ ಕೃತಿಯ ಧರ್ಮವೇ ಕೆಡುತ್ತದೆ. ತಡೆಯದಿದ್ದರೆ ಮುಂದಿನವರಿಗೆ ಏನು ಉಳಿಯುವುದೆಂಬುದು ಅನಿಶ್ಚಿತ. ಸ್ಥಿರವೆಂದು ಭಾವಿಸಿದ ಚಿತ್ರಗಳ ವಿಷಯದಲ್ಲೂ ಈ ಪ್ರಶ್ನೆ ಪೂರ್ತಿಯಾಗಿ ತೀರಿಲ್ಲ. ಪ್ರಷ್ಯನ್ ನೀಲಿ ಹೆಚ್ಚು ಬೆಳಕಿನಲ್ಲಿ ಮಾಸುತ್ತದೆ. ಕತ್ತಲೆಯಲ್ಲಿಟ್ಟರೆ ಗಾಳಿಯ ಆಮ್ಲಜನಕದಿಂದ ಕಳೆದುಕೊಂಡ ಬಣ್ಣವನ್ನು ಬಹುಮಟ್ಟಿಗೆ ಮರಳಿ ಪಡೆಯುತ್ತದೆ. ಆದುದರಿಂದ ಆನ ಅಟ್ಕಿನ್ಸಳ ಫಲಕಗಳನ್ನು ಗ್ರಂಥಾಲಯಗಳು ಸ್ವಲ್ಪಕಾಲ ಮಾತ್ರ, ಮಂದ ಬೆಳಕಿನಲ್ಲಿ ಪ್ರದರ್ಶಿಸಿ ಮತ್ತೆ ಕತ್ತಲೆಗೆ ಒಯ್ಯುತ್ತವೆ. ೧೮೦೨ರಲ್ಲಿ ವೆಜ್‌ವುಡ್ಡನ ಎಲೆಗಳನ್ನು ಮೋಂಬತ್ತಿಯ ಬೆಳಕಿನಲ್ಲಿ ನೋಡಿದವರು ಪಾಲಿಸಿದ ಎಚ್ಚರಿಕೆಯೂ ಇದೇ ಆಗಿತ್ತು.